ಕೊಡೆ ಹಿಡಿದವಳ ತಮಿಳು

ಜೂನ್ ೧೧, ಬುಧವಾರ

ಮೊಣಕೈ ಇನ್ನೂ ನೋಯ್ತಾ ಉಂಟು. ಬೆಳಿಗ್ಗೆ ನ್ಯೂ ಟೌನಿನ ಆ ಸುಡುಬಿಸಿಲಲ್ಲಿ, ಕಾರಿಂದ ಆಫೀಸಿನ ಗೇಟಿನವರೆಗೆ, ನಮ್ಮ ಬಂಗಾಳಿ ಮ್ಯಾನೇಜರ್ ತಪನ್‌ದಾ ತಲೆ ಮೇಲೆ ಕೊಡೆ ಹಿಡಿದು ನಡೆದೆ. ಫೋನಲ್ಲಿ ಬರೆಯಲಿಕ್ಕೆ ಅವರಿಗೆ ಎರಡೂ ಕೈ ಬೇಕಿತ್ತಂತೆ.

ಬರೆದದ್ದು ಎಂತ ಅಂತ ಮಧ್ಯಾಹ್ನ ಫೇಸ್‌ಬುಕ್ಕಲ್ಲಿ ಗೊತ್ತಾಯಿತು. ಯಾರೋ ಒಬ್ಬ ನಟ ತನ್ನ ಸಹಾಯಕನ ಕೈಲಿ ಕೊಡೆ ಹಿಡಿಸಿದ ವಿಡಿಯೊ ಎಲ್ಲ ಕಡೆ ಓಡಾಡ್ತಿದೆ. 'ಇವನೂ ಒಬ್ಬ ಮನುಷ್ಯನೇ?' ಅಂತ ತಪನ್‌ದಾ ಕೆಂಡ ಕಾರಿದ್ದಾರೆ. ಅದಕ್ಕೆ ನೂರಾರು ಲೈಕು.

ನಾನು ಕೆಳಗೆ ಕನ್ನಡದಲ್ಲಿ ಹಾಕಿದೆ: 'ನೀವು ಇದನ್ನು ಬರೆಯುವಾಗ ನಿಮಗೆ ಕೊಡೆ ಹಿಡಿದವಳು ನಾನು.'

ಸಂಜೆ ತಪನ್‌ದಾ ನನ್ನ ಮೇಜಿನ ಹತ್ತಿರ ಬಂದರು. "ದೀಕ್ಷಾ, ನಿನ್ನ ತಮಿಳು ಎಷ್ಟು ಮುದ್ದಾಗಿದೆ. ಎಲ್ಲರಿಗೂ ಕಾಣಲಿ ಅಂತ ಮೇಲೆ ಪಿನ್ ಮಾಡಿದ್ದೇನೆ."

ಅಮ್ಮನಿಗೆ ಹೇಳಿದರೆ ಹೆದರಿದಳು. "ಕೆಲಸ ಹೋದ್ರೆ ಎಂತ ಮಾಡ್ತಿ? ಈಗ್ಲೇ ಅಳಿಸು."

ಅಳಿಸುವುದಿಲ್ಲ. ನಾಳೆಯೂ ಕೊಡೆ ಹಿಡೀತೇನೆ, ನಗ್ತಾ ಹಿಡೀತೇನೆ. ನನ್ನ ಕಾಮೆಂಟಿನ ಕೆಳಗೇ ಅನುವಾದದ ಗುಂಡಿ ಉಂಟು. ಯಾರಾದರೊಬ್ಬರು ಒತ್ತಿಯೇ ಒತ್ತುತ್ತಾರೆ. ಅದಕ್ಕೆ ಎರಡು ಕೈ ಬೇಡ, ಒಂದು ಬೆರಳು ಸಾಕು.