ಭಾಷೆ: ಗೊತ್ತಿಲ್ಲ

ಸಂತೆಕಟ್ಟೆ
18 ಸೆಪ್ಟೆಂಬರ್ 2024, ಬುಧವಾರ

ಪ್ರೀತಿಯ ಲಿಯೋನೆಲಣ್ಣಾ,

ಹೇಗಿದ್ದೀ? ಸಕ್ಕರೆ ಎಷ್ಟಿದೆ ಎಂದು ಕೇಳಿದರೆ ಪ್ರತಿಸಲವೂ ‘ನಾರ್ಮಲ್’ ಅನ್ನುತ್ತೀ. ಕುವೈಟಿನಲ್ಲಿ ನಾರ್ಮಲ್ ಅಂದರೆ ಎಷ್ಟೆಂದು ಫಿಯೋನಾ ಅತ್ತಿಗೆಯನ್ನೇ ಕೇಳಬೇಕು. ಅವಳ ಬೆನ್ನುನೋವು ಕಡಿಮೆಯಾಯಿತೇ? ಇಲ್ಲಿ ನಾವೆಲ್ಲ ಸೌಖ್ಯ, ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಪಕ್ಕದ ಮನೆಯ ಶೆಲ್ಡನ್ ನಾಳೆ ಕುವೈಟಿಗೆ ಹಿಂದಿರುಗುತ್ತಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಮತ್ತು ಮೊಂತಿ ಹಬ್ಬದ ಹೊಸ ಭತ್ತದ ಪೊಟ್ಟಣ ಕಳುಹಿಸುತ್ತಿದ್ದೇನೆ. ಊಟಕ್ಕೆ ಬರಲಾಗದವರ ಪಾಲನ್ನು ಅಮ್ಮ ಕಟ್ಟಿಡುತ್ತಿದ್ದ ಹಾಗೆಯೇ ಕಟ್ಟಿದ್ದೇನೆ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ತಮ್ಮನ, ನೆವಿಲನ ಹೆಸರೆತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀ. ಕಾಗದವಾದರೆ ಎಷ್ಟು ಸಿಟ್ಟು ಬಂದರೂ ಕೊನೆಯವರೆಗೆ ಓದುತ್ತೀ ಎಂದು ನನಗೆ ಗೊತ್ತು. ಕಾಗದಕ್ಕೆ ಕನ್ನಡ, ಬಾಯಿಗೆ ಕೊಂಕಣಿ ಎಂದೇ ಬೆಳೆದವರಲ್ಲವೇ ನಾವು.

ಎರಡು ವರ್ಷದಿಂದ ಭಾನುವಾರ ಪೂಜೆ ಮುಗಿದ ಮೇಲೆ ನಾನು ಚರ್ಚಿನ ಸೇವಾ ತಂಡದ ಜೊತೆ ಹೋಗುತ್ತಿರುವುದನ್ನು ಹಿಂದೆ ಹೇಳಿದ್ದೆ. ಕಾರ್ಲ್ಟನ್‌ನ ಹಳೆಯ ಓಮ್ನಿಯಲ್ಲಿ ಗಂಜಿ, ಚಟ್ನಿ, ಒಗೆದ ಬಟ್ಟೆ. ಉಡುಪಿ ಬಸ್ ನಿಲ್ದಾಣ, ಮಣಿಪಾಲ, ಕಾಪು, ತಿಂಗಳಿಗೊಮ್ಮೆ ಕಾರ್ಕಳ. ಮನೆಮಠವಿಲ್ಲದೆ ಅಂಗಡಿ ಜಗಲಿಗಳಲ್ಲಿ ಮಲಗುವವರಿಗೆ ಬಡಿಸುತ್ತೇವೆ, ಉಗುರು ಕತ್ತರಿಸುತ್ತೇವೆ, ಹುಣ್ಣಿದ್ದರೆ ತೊಳೆಯುತ್ತೇವೆ. ಚರ್ಚಿನಲ್ಲಿ ಎಲ್ಲರೂ ನನ್ನನ್ನು ದೊಡ್ಡ ಪುಣ್ಯವಂತೆ ಎಂದುಕೊಂಡಿದ್ದಾರೆ. ನಿನ್ನ ಹತ್ತಿರ ಮುಚ್ಚಿಡುವುದೇನು, ನಾನು ಹೋಗುತ್ತಿದ್ದದ್ದು ನೆವಿಲನನ್ನು ಹುಡುಕಲು. ಗಂಜಿ ಬಡಿಸುವ ನೆಪದಲ್ಲಿ ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ನಮ್ಮ ತಮ್ಮನಲ್ಲ ಎಂದು ಗೊತ್ತಾದ ಮೇಲೆ ಆ ಮುಖವನ್ನು ಮತ್ತೆ ನೋಡುತ್ತಿರಲಿಲ್ಲ.

ಕಾಪುವಿನಲ್ಲಿ ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಅರವತ್ತು ದಾಟಿದ ಒಬ್ಬರಿದ್ದರು. ಏಳು ತಿಂಗಳು ಅವರಿಗೆ ಗಂಜಿ ಕೊಟ್ಟೆವು. ನಮ್ಮ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರು, ಊರು, ಭಾಷೆ ಬರೆಯಬೇಕು, ಆ ಕೆಲಸ ನನ್ನದು. ಕನ್ನಡದಲ್ಲಿ ಕೇಳಿದೆ, ತುಳುವಿನಲ್ಲಿ ಕೇಳಿದೆ, ಕಾರ್ಲ್ಟನ್ ತನ್ನ ಹರಕು ಹಿಂದಿಯಲ್ಲಿ ಕೇಳಿದ. ಅವರು ತಲೆ ಎತ್ತಲಿಲ್ಲ. ಅಲ್ಲೇ ಮೀನು ಮಾರುವ ನಳಿನಾಕ್ಷಿ, ‘ಅವರಿಗೆ ಮಾತು ಬರುವುದಿಲ್ಲ ಬಾಯಮ್ಮಾ, ನೀವು ಎಂತ ಕೇಳಿದರೂ ಅಷ್ಟೇ’ ಎಂದಳು. ಮೂರೂ ಕಡೆ ‘ಗೊತ್ತಿಲ್ಲ’ ಎಂದು ಬರೆದೆ. ಕೊಂಕಣಿಯಲ್ಲಿ ಮಾತ್ರ ಕೇಳಲಿಲ್ಲ. ಓಮ್ನಿಯೊಳಗೆ ಐದೂ ಜನ ಕೊಂಕಣಿಯಲ್ಲೇ ಹರಟುತ್ತಿದ್ದೆವು, ಇಳಿದ ಕೂಡಲೇ ಭಾಷೆ ಬದಲಿಸುತ್ತಿದ್ದೆವು. ನಮ್ಮವರು ರಸ್ತೆಯಲ್ಲಿರುವುದಿಲ್ಲ ಎಂಬುದು ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಸ್ವಂತ ತಮ್ಮನನ್ನು ರಸ್ತೆಯಲ್ಲಿ ಹುಡುಕುತ್ತಿದ್ದ ನನ್ನ ತಲೆಯಲ್ಲೂ ಕೂತಿತ್ತಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ಈ ಸಲ ಹಬ್ಬ ಭಾನುವಾರವೇ ಬಂತು. ಹೊಸ ಅಕ್ಕಿ ಹಾಕಿದ ಪಾಯಸ ಒಯ್ದಿದ್ದೆವು. ನಾನು ಅವರ ಲೋಟಕ್ಕೆ ಬಗ್ಗಿಸುತ್ತ ಏನೋ ಯೋಚನೆಯಲ್ಲಿ, ಮನೆಯಲ್ಲಿ ಮಕ್ಕಳಿಗೆ ಕೇಳುವ ಹಾಗೆ, ‘ಆನಿ ಇಲ್ಲೆಂ?’ ಎಂದುಬಿಟ್ಟೆ. ಇನ್ನೂ ಸ್ವಲ್ಪ ಬೇಕೇ ಎಂದಷ್ಟೇ. ಅವರು ಕೈ ಅಡ್ಡ ಹಿಡಿದು, ‘ಪುರೊ, ಬಾಯೆ’ ಎಂದರು. ಸಾಕಮ್ಮಾ ಎಂದು ನಮ್ಮ ಅಪ್ಪ ಹೇಳುತ್ತಿದ್ದ ಹಾಗೆಯೇ. ಸೌಟನ್ನು ಪಾತ್ರೆಯಲ್ಲೇ ಬಿಟ್ಟೆ. ಹೆಸರು ಕೇಳಿದೆ. ಕಾಯ್ತಾನ್ ಎಂದರು. ಮನೆ ಯಾವುದು, ಚರ್ಚು ಯಾವುದು ಎಂದರೆ ಹೇಳಲಿಲ್ಲ. ಪಾಯಸವನ್ನು ಅರ್ಧ ಕುಡಿದು, ಉಳಿದದ್ದನ್ನು ಎಲೆ ಮುಚ್ಚಿ ಬದಿಗಿಟ್ಟರು. ಯಾರಿಗೆ ಎಂದು ಕೇಳಿದರೆ, ಬರದವರಿಗೆ ಎಂದರು. ಅಣ್ಣಾ, ಆ ಜಗಲಿಯಲ್ಲೇ ಕೂತು ನಾನು ಎಲ್ಲರೆದುರು ಅತ್ತೆ.

ಮೊನ್ನೆ ಭಾನುವಾರ ಹೋದಾಗ ಅವರಿಗೆ ಮೈ ಸುಡುವ ಜ್ವರ. ಆಸ್ಪತ್ರೆಗೆ ಸೇರಿಸಿ ಪಕ್ಕದಲ್ಲಿ ಕೂತು ಜಪಮಾಲೆ ಹಿಡಿದು ಕೊಂಕಣಿಯಲ್ಲೇ ತೇರ್ಸ್ ಹೇಳಿದೆ. ಪ್ರತಿ ಪ್ರಾರ್ಥನೆಯ ಉತ್ತರಾರ್ಧವನ್ನು ಅವರು ಒಂದಕ್ಷರ ತಪ್ಪದೆ ಹೇಳಿದರು. ಸೋಮವಾರ ಮಧ್ಯಾಹ್ನ ತೀರಿಕೊಂಡರು.

ಅಂದಿನಿಂದ ನನಗೆ ನಮ್ಮ ಮನೆಯ ಆ ಹಬ್ಬದ್ದೇ ನೆನಪು. ಅಪ್ಪನಿಲ್ಲದ ಮೇಲೆ ಹೊಸ ಅಕ್ಕಿ ಹಂಚುವ ಹಿರಿಯ ನೀನು. ನೆವಿಲ್ ಕುಡಿದು ಬಂದಿದ್ದ, ತಪ್ಪೇ. ನೀನು ಎಲ್ಲರಿಗೂ ಒಂದೊಂದು ಚಮಚ ಹಾಕಿ, ಅವನ ತಟ್ಟೆಯನ್ನು ದಾಟಿ ಹೋದೆ. ‘ತುಂ ಆಮ್ಚೊ ನ್ಹಯ್’, ನೀನು ನಮ್ಮವನಲ್ಲ, ಎಂದೆ. ಅವನು ಖಾಲಿ ತಟ್ಟೆಯನ್ನು ತೊಳೆದು ಕವುಚಿಟ್ಟು ಹೊರಟುಹೋದ. ಅಮ್ಮ ತೀರಿಹೋದದ್ದೂ ಅವನಿಗೆ ಗೊತ್ತಿರಲಿಕ್ಕಿಲ್ಲ. ನಿನ್ನನ್ನು ದೂರಿ ನಾನು ತಪ್ಪಿಸಿಕೊಳ್ಳುವುದಿಲ್ಲ, ನನ್ನ ಬಾಯಿಗೂ ಅಂದು ಬೀಗ ಬಿದ್ದಿತ್ತು. ಆರು ವರ್ಷದ ಅವನ ಪಾಲಿನ ಆರು ಪೊಟ್ಟಣಗಳು ಅಮ್ಮನ ಕಪಾಟಿನಲ್ಲಿವೆ. ಈಗ ಅವನು ಯಾವ ಊರಿನ ಜಗಲಿಯಲ್ಲಿ, ಯಾರ ಪುಸ್ತಕದಲ್ಲಿ ‘ಗೊತ್ತಿಲ್ಲ’ ಆಗಿ ಕೂತಿದ್ದಾನೋ.

ಮಾತ್ರೆ ತಪ್ಪಿಸಬೇಡ. ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ಅಮ್ಮನ ಆಶೀರ್ವಾದ ನಿಮ್ಮೆಲ್ಲರ ಮೇಲಿರಲಿ.

ನಿನ್ನ ತಂಗಿ,
ಜೆನಿಫರ್

ತಾ.ಕ.: ಶೆಲ್ಡನ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಾಯ್ತಾನ್ ಇನ್ನೂ ಶವಾಗಾರದಲ್ಲೇ ಇದ್ದಾರೆ. ಶನಿವಾರದೊಳಗೆ ನಾವು ಒಯ್ಯದಿದ್ದರೆ ಅನಾಥ ಶವವೆಂದು ಮಣ್ಣು ಮಾಡುತ್ತಾರೆ. ಅಮ್ಮನ ಸಮಾಧಿಯಲ್ಲಿ ಜಾಗ ಕೊಡುತ್ತೇವೆಂದು ನಾನು ಹೇಳಿಬಿಟ್ಟಿದ್ದೇನೆ. ಅದು ನಿನ್ನ ಹೆಸರಿನಲ್ಲಿರುವುದರಿಂದ ಶುಕ್ರವಾರ ಸಂಜೆ ನಮ್ಮ ಫಾದರ್ ನಿನಗೆ ಫೋನ್ ಮಾಡುತ್ತಾರೆ. ಫೋನ್ ಎತ್ತು. ಕಾಯ್ತಾನ್ ನಿಮ್ಮವರೇ ಎಂದು ಕೇಳುತ್ತಾರೆ, ಕೊಂಕಣಿಯಲ್ಲೇ ಕೇಳುತ್ತಾರೆ. ಹೌದು, ನಮ್ಮವರು ಎಂದಷ್ಟೇ ಹೇಳು, ಬೇರೇನೂ ಹೇಳಬೇಡ ಅಣ್ಣಾ. ‘ವ್ಹಯ್, ಆಮ್ಚೊ’ ಎನ್ನು.