ಇಲ್ಲದ ಊರಿನವರು

ಅಕ್ಕನಿಗೆ ನಮಸ್ಕಾರಗಳು.

ಮಗಳ ಮುರಿದ ಕೈ ಕೂಡಿಕೊಂಡಿದೆ. ಅದನ್ನು ಮುರಿದ ಮಹಾನುಭಾವ, ನನ್ನ ಅಳಿಯ, ನಮ್ಮ ವಿಳಾಸ ಕೇಳಿಕೊಂಡು ನಿನ್ನ ಮನೆಗೆ ಜನ ಕಳಿಸುತ್ತಿದ್ದಾನೆಂದು ಬರೆದಿದ್ದೀಯ. ನಾವು ತಲೆಮರೆಸಿಕೊಂಡಿರುವ ಈ ದೇಶಕ್ಕೂ ಕಳಿಸಿದ್ದಾನೆಂಬ ಅನುಮಾನ ನನಗೆ.

ನಿನ್ನೆ ಕ್ಷೌರದಂಗಡಿಯಲ್ಲಿ "ಉಸ್ಸಪ್ಪಾ" ಎಂದು ಕುರ್ಚಿಯಲ್ಲಿ ಕುಳಿತದ್ದೇ ತಪ್ಪಾಯಿತು. ಕ್ಷೌರಿಕ ಕತ್ತಿಯನ್ನು ನನ್ನ ಕುತ್ತಿಗೆಯ ಮೇಲಿಟ್ಟುಕೊಂಡೇ, "ಅಯ್ಯೋ, ನಮ್ಮೋರು! ಯಾವೂರು ಯಜಮಾನ್ರೇ? ಯಾರ ಪೈಕಿ? ಅಳಿಯಂದ್ರು ಏನ್ ಮಾಡ್ಕೊಂಡಿದಾರೆ?" ಎಂದ. ಪೊಲೀಸರಾದರೂ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಮಗಳಿಗೆ ಈ ಹಾಳು ಸಂಬಂಧ ತಂದವನೂ ರೈಲಿನಲ್ಲಿ ಸಿಕ್ಕ ಒಬ್ಬ ‘ನಮ್ಮೋನೇ’. ನಾನು ಮರೆತಿಲ್ಲ.

ಚಿಕ್ಕಂದಿನಲ್ಲಿ ನಾವಿಬ್ಬರೂ ಆಟಕ್ಕೆಂದು ಎಲ್ಲೂ ಇಲ್ಲದ ಒಂದು ಊರು ಕಟ್ಟಿದ್ದೆವಲ್ಲ, ಅದರ ಹೆಸರು ಹೇಳಿದೆ. "ನಮ್ದೂ ಅದೇ ಊರು!" ಎಂದುಬಿಟ್ಟ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಅಷ್ಟರಲ್ಲಿ ಫೋನಿನಲ್ಲಿ ನಮ್ಮ ಭಾಷೆ ಮಾತಾಡುತ್ತ ಇನ್ನೊಬ್ಬ ಒಳಬಂದ. "ಅಣ್ಣಾ, ನೀವೂ ನಮ್ ಕಡೆಯೋರಲ್ವಾ?" ಎಂದು ಕ್ಷೌರಿಕನನ್ನು ಕೇಳಿದ. ಕ್ಷೌರಿಕ ಏನೂ ತಿಳಿಯದವನಂತೆ ಈ ದೇಶದ ಭಾಷೆಯಲ್ಲೇ ಉತ್ತರಿಸಿದ. ಕತ್ತಿ ಕೆಳಗಿಟ್ಟು ಅವನಿಗೆ ಬೆನ್ನು ತಿರುಗಿಸಿ ನಿಂತ. ನಾನೂ ಟವೆಲನ್ನು ಮುಖದ ಮೇಲೆಳೆದುಕೊಂಡೆ.

ಬಂದವನು ಹೋದ ಮೇಲೆ ಕ್ಷೌರಿಕ ಕನ್ನಡಿಯಲ್ಲಿ ನನ್ನನ್ನು ನೋಡಿ ಪಿಸುಗುಟ್ಟಿದ: "ಊರಲ್ಲಿ ಎಲ್ಲಾ ಕ್ಷೇಮ ತಾನೇ?"

"ಎಲ್ಲಾ ಕ್ಷೇಮ" ಎಂದೆ. ಅವನು ಯಾರಿಗೆ ಹೆದರಿದ್ದಾನೋ ಕೇಳಲಿಲ್ಲ. ಅವನನ್ನು ನಂಬಿಯೂ ಇಲ್ಲ.

ಇನ್ನು ಮೇಲೆ ಲಕೋಟೆಯ ಮೇಲೆ ನಮ್ಮ ಭಾಷೆಯ ಅಕ್ಷರ ಬೇಡ. ಅಳಿಯನ ಕಡೆಯವರು ಮತ್ತೆ ಬಂದರೆ ನಾವು ನಮ್ಮ ಆಟದ ಆ ಊರಲ್ಲೇ ಇದ್ದೇವೆಂದು ಹೇಳು. ಹುಡುಕಿಕೊಳ್ಳಲಿ.

ಇತಿ,
ನಿನ್ನ ತಮ್ಮ