ಗಡಿಕಲ್ಲಿನ ಆ ಕಡೆ

ಮೇ 14, ಬುಧವಾರ

ಬೆಳಗ್ಗೆಯಿಂದ ತೋಪಿನಲ್ಲಿ ತೋತಾಪುರಿ ಆರಿಸುವ ಕೆಲಸ. ಮಚ್ಚೆ ಇರುವುದು ಒಂದು ಕ್ರೇಟಿಗೆ, ಇಲ್ಲದ್ದು ಇನ್ನೊಂದಕ್ಕೆ. ಸೊನೆ ತಾಗಿ ಕೈಯೆಲ್ಲ ಉರಿ. ಜೊತೆಗೆ ಆರಿಸುತ್ತಿದ್ದ ಗೆಳತಿ ಶ್ವೇತ ಕೇಳಿದಳು, ಕಾಲೇಜು ಯಾಕೆ ಬಿಟ್ಟೆ ಅಂತ. ಓದು ಹತ್ತಲಿಲ್ಲ ಅಂದೆ. "ಮನೇಲಿ ಕಷ್ಟ ಅನ್ನೇ, ಮರ್ಯಾದೆ ಇರುತ್ತೆ" ಅಂದಳು. ಸುಳ್ಳು ಯಾಕೆ?

ಮಧ್ಯಾಹ್ನ ದೊಡ್ಡಪ್ಪ ಶ್ರೀನಿವಾಸಪುರದಿಂದ ಬಂದ. ಮತ್ತೆ ತಹಸೀಲ್ದಾರರಿಗೆ ಅರ್ಜಿ. ನಮ್ಮೂರನ್ನು ಮುಳಬಾಗಿಲು ತಾಲ್ಲೂಕಿಗೆ ಸೇರಿಸಿ ಅಂತ. ಬಸ್ಸು ಮುಳಬಾಗಿಲಿಗೆ, ಸಂತೆ ಮುಳಬಾಗಿಲಿಗೆ. ಪಹಣಿಗೆ, ಪಿಂಚಣಿಗೆ ಮಾತ್ರ ಎರಡು ಬಸ್ಸು ಬದಲಾಯಿಸಿ ಶ್ರೀನಿವಾಸಪುರ. ಎರಡು ತಾಲ್ಲೂಕಿನ ಗಡಿಕಲ್ಲು ನಮ್ಮ ತೋಪಿನ ಬೇಲಿ ಪಕ್ಕದಲ್ಲೇ ಇದೆ.

"ಚಿಕ್ಕಬಳ್ಳಾಪುರನ ಜಿಲ್ಲೆ ಮಾಡಿದ್ರು, ಕೆಜಿಎಫ್‌ನ ತಾಲ್ಲೂಕು ಮಾಡಿದ್ರು. ನಮ್ದೊಂದೂರನ್ನ ಆ ಕಲ್ಲಿನಾಚೆ ತಳ್ಳಕ್ಕಾಗಲ್ವೇನ್ಲಾ?"

ಅಪ್ಪ ನಕ್ಕ. "ಕಲ್ಲನ್ನೇ ಕಿತ್ತು ಈ ಕಡೆ ನೆಡಣ್ಣ, ಬೇಗ ಆಗುತ್ತೆ."

ಮೇ 17, ಶನಿವಾರ, ಸಂಜೆ

ಇದನ್ನು ಬರೆಯಲೇಬೇಕು.

ಬೆಳಗ್ಗೆ, ಬಿಸಿಲು ಏರುವ ಹೊತ್ತು. ರಸ್ತೆಯಲ್ಲಿ ಸದ್ದು. ಓಡಿದೆ. ಬೈಕು ಮೋರಿಗೆ ಬಡಿದು ಕಲ್ಲಿನಾಚೆ ಹೋಗಿ ಬಿದ್ದಿತ್ತು. ಮನುಷ್ಯ ಈಚೆ, ನಮ್ಮ ಕಡೆ. ಬಿಳಿ ಶರ್ಟು. ತಲೆಯಿಂದ ರಕ್ತ. ಯಾರೋ ಗೊತ್ತಿಲ್ಲ. 108ಕ್ಕೆ ಫೋನ್ ಹಚ್ಚಿದೆ. ಯಾವ ತಾಲ್ಲೂಕು ಅಂದರು. ಶ್ರೀನಿವಾಸಪುರ ಅನ್ನುವಷ್ಟರಲ್ಲಿ, ಅಪ್ಪನ ಜೊತೆ ಹಿಂದೆಯೇ ಓಡಿ ಬಂದ ದೊಡ್ಡಪ್ಪ ಫೋನ್ ಕಿತ್ತುಕೊಂಡ.

"ಊರ್ಕೋ! ಮನಕೆಂದುಕೇ ಇದಿ? ಸುಮ್ನಿರು, ನಮಗ್ಯಾಕೆ ಇದು? ಹೋದ್ಸಲ ಮರೆತ್ಯಾ?"

ಮರೆತಿಲ್ಲ. ಹೋದ ಸಲ ಹೀಗೇ ಬಿದ್ದವನೊಬ್ಬನನ್ನು ಅಪ್ಪ ಆಸ್ಪತ್ರೆಗೆ ಸಾಗಿಸಿದ. ಅವನು ಸತ್ತ. ಅಪ್ಪನೇ ಗುದ್ದಿದ್ದು ಅಂತ ಸ್ಟೇಷನ್ನು, ಕೋರ್ಟು... ಎರಡು ಮಾವಿನ ಫಸಲು ಅದರಲ್ಲೇ ಹೋಯಿತು.

"ಉಸಿರಿಲ್ಲ ಕಣೋ ಚನ್ನರಾಯ. ಹಿಡಿ ಕಾಲು" ಅಂದ ದೊಡ್ಡಪ್ಪ. ಅಪ್ಪ ಕಾಲು ಹಿಡಿದ. ಅರ್ಧ ಎತ್ತಿ, ಅರ್ಧ ಎಳೆದು ಕಲ್ಲು ದಾಟಿಸಿ ಹೊಂಗೆ ಮರದ ಕೆಳಗೆ ಮಲಗಿಸಿದರು.

ಊರಲ್ಲಿ ಯಾರಿಗಾದರೂ ಅಮ್ಮ ಎದ್ದಾಗ, ದಡಾರವೋ ಸೀತಾಳೆಯೋ, ಮೊರದಲ್ಲಿ ಬೇವಿನ ಸೊಪ್ಪು, ಅರಿಶಿನ ಇಟ್ಟು ಅದೇ ಕಲ್ಲಿನಾಚೆ ಬಿಟ್ಟು ಬರುತ್ತಾರೆ. ಆಮೇಲಿನದು ಮುಂದಿನ ಊರಿನವರ ಪಾಡು. ಬಿಟ್ಟವರು ಹಿಂದೆ ನೋಡುವ ಹಾಗಿಲ್ಲ. ಇವತ್ತೂ ದೊಡ್ಡಪ್ಪ ಹಾಗೇ ಅಂದ. "ತಿರುಗಿ ನೋಡ್ಬೇಡ, ನಡಿ."

ನಾನು ನೋಡಿದೆ. ಅವನ ಬೆರಳು ಮಣ್ಣನ್ನು ಕೆರೆಯಿತು.

ಅಪ್ಪನಿಗೆ ಹೇಳಿದೆ. "ಗಾಳಿಗೆ ಶರ್ಟು ಆಡಿರುತ್ತೆ" ಅಂದ. ಗಾಳಿ ಇರಲಿಲ್ಲ. ದೊಡ್ಡಪ್ಪ ರಕ್ತದ ಮೇಲೆ ಸಗಣಿ ನೀರು ಸುರಿದ. ಊಟದ ಹೊತ್ತಿಗೆ ಕದ್ದು ಓಡಿದೆ. ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ.

ಮೇ 18

ಬದುಕಿದ್ದಾನೆ. ದೇವರಾಯಸಮುದ್ರದ ಹಾಲಿನ ವ್ಯಾನಿನವನು ನೋಡಿ ಎತ್ತಿಕೊಂಡು ಹೋದನಂತೆ. ಈಗ ಕೋಲಾರದ ದೊಡ್ಡಾಸ್ಪತ್ರೆ. ಹೆಸರು ನಂದಕಿಶೋರ್, ಮುಳಬಾಗಿಲಿನಲ್ಲಿ ಲೆಕ್ಕ ಬರೆಯುವವರು. ಎಚ್ಚರ ಬಂದಿಲ್ಲ.

ಬದುಕಲಿ ಅಂತ ಬೇಡಿಕೊಂಡೆ. ಎಚ್ಚರ ಬಾರದಿರಲಿ ಅಂತಲೂ ಬೇಡಿಕೊಂಡೆ. ಎರಡನೆಯದನ್ನು ಬರೆಯದೆ ಬಿಡಬಹುದಿತ್ತು.

ಮೇ 21

ಮುಳಬಾಗಿಲಿನ ಜೀಪು ಬಂತು. ಹಿಂದೆಯೇ ಶ್ರೀನಿವಾಸಪುರದ್ದು. ಕಲ್ಲಿನ ಆಚೆ ಇವರು, ಈಚೆ ಅವರು.

"ನಿಮ್ ಲಿಮಿಟ್ಸೇ ಸಾರ್, ಮೋರಿ ನಿಮ್ದು" ಅಂದರು ಮುಳಬಾಗಿಲಿನವರು.

"ಸಿಕ್ಕಿದ್ದು ನಿಮ್ ಕಡೆ ಅಲ್ವೇನ್ರೀ?"

ದೊಡ್ಡಪ್ಪ ಕೈಮುಗಿದ. "ನಮ್ ತಾಲ್ಲೂಕಲ್ಲಿ ಏನೂ ಆಗಿಲ್ಲ ಸಾಮಿ."

ಹಿಂದಿನಿಂದ ಊರಿನ ಕೋದಂಡರಾಮಪ್ಪ ತಾತ ದೊಡ್ಡಪ್ಪನ ಹೆಸರು ಹಿಡಿದು ಕೂಗಿದ, "ಏನ್ಲಾ ಶ್ರೀರಾಮಾ, ಮೊನ್ನೆವರ್ಗೂ ನಾವು ಮುಳಬಾಗಿಲೋರು ಅಂತಿದ್ದೆ?" ಜನ ನಕ್ಕರು.

ಮುಳಬಾಗಿಲಿನ ಎಸ್‌ಐ ಬಗ್ಗಿ ನೆಲ ನೋಡಿದರು. ಎಳೆದ ಗುರುತು ಇದೆ ಅಂದರು. ತಾನಾಗಿ ಬಿದ್ದಿದ್ದರೆ ಎಳೆದದ್ದು ಯಾಕೆ? ಯಾರೋ ಹೊಡೆದು ಹಾಕಿದ್ದಾರೆ. ಇದು ಆಕ್ಸಿಡೆಂಟ್ ಅಲ್ಲ ಅಂದರು.

ಬೈಕು ತಾನೇ ಬಿದ್ದದ್ದು. ಯಾರೂ ಹೊಡೆದಿಲ್ಲ. ಇದನ್ನು ಹೇಳಬೇಕಾದರೆ ಎಳೆದವರು ಯಾರು ಅಂತಲೂ ಹೇಳಬೇಕು.

ಮೇ 22

ಅಪ್ಪನಿಗೆ ಹೇಳಿದೆ — ಪೊಲೀಸರು ಕೇಳಿದರೆ ನಾನು ನಿಜ ಹೇಳ್ತೀನಿ. ಅಪ್ಪ ಹೊಡೆಯಲಿಲ್ಲ. "ಸತ್ರೆ ಕೊಲೆ ಅಂತಾರಮ್ಮ" ಅಂದ, ಅಷ್ಟೇ. ಅನ್ನ ಹಾಗೇ ಬಿಟ್ಟು ಎದ್ದ.

ಜೂನ್ 2, ಸೋಮವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಜೀಪಿನ ಸದ್ದು ಕೇಳಿದರೆ ಉಚ್ಚೆ ಬಂದಂತಾಗುತ್ತದೆ. ಟ್ರ್ಯಾಕ್ಟರ್ ಸದ್ದಿಗೂ. ನನ್ನನ್ನು ಯಾರೂ ಕೇಳಲಿಲ್ಲ. ಹುಡುಗಿ, ಏನು ನೋಡಿರುತ್ತಾಳೆ ಅಂತ. ನಾನಾಗಿ ಹೋಗಿ ಹೇಳಲೂ ಇಲ್ಲ.

ಇವತ್ತು ನಂದಕಿಶೋರ್ ಅವರ ತಾಯಿ ಬಂದಿದ್ದಾರೆ. ಜಾನಕಮ್ಮ. ಪೊಲೀಸರಿಲ್ಲ, ಒಬ್ಬರೇ, ಬೆಳಗಿನ ಬಸ್ಸಿಗೆ. ಎದುರು ಮನೆ ಜಗುಲಿಯಲ್ಲಿ ಕೂತಿದ್ದಾರೆ. ಕಿಟಕಿಯಿಂದ ಕಾಣುತ್ತಾರೆ. ಮಗನಿಗೆ ಇನ್ನೂ ಎಚ್ಚರವಿಲ್ಲ. ಸುತ್ತ ಊರಿನವರು ನಿಂತಿದ್ದಾರೆ, ದೊಡ್ಡಪ್ಪನೂ.

"ಕೇಸು ಗೀಸು ನಂಗೆ ಬೇಡಪ್ಪ. ಒಂದೇ ಮಾತು ಹೇಳಿ. ಅವನು ಬಿದ್ದಾಗ ಹತ್ರ ಯಾರಾದ್ರೂ ಇದ್ರಾ? ಏನಾದ್ರೂ ಕೇಳಿದ್ನಾ, ನೀರು ಗೀರು?"

"ನಾವ್ಯಾರೂ ನೋಡ್ಲಿಲ್ಲಮ್ಮ" ಅಂದ ದೊಡ್ಡಪ್ಪ. "ಅದು ಆ ಕಡೆ ಆಗಿದ್ದು."

"ಹಂಗಾದ್ರೆ ಒಬ್ನೇ ಇದ್ದ ಅನ್ನಿ."

ಅಪ್ಪ ಇಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಾನೆ. ನನ್ನ ಕಡೆ ನೋಡುತ್ತಿಲ್ಲ. ನಾನು ಹೇಳಿದರೆ ಅಪ್ಪ ಜೈಲಿಗೆ. ಹೇಳದಿದ್ದರೆ ಆ ತಾಯಿ ಇದನ್ನೇ ನಂಬಿಕೊಂಡು ಹೋಗುತ್ತಾರೆ. ಅವನು ಒಬ್ಬನೇ ಇರಲಿಲ್ಲ. ಮೂವರು ಇದ್ದೆವು.

ಅವರು ಎದ್ದರು. ಸೆರಗು ಸರಿಮಾಡಿಕೊಂಡು ಚಪ್ಪಲಿ ಹುಡುಕುತ್ತಿದ್ದಾರೆ.

ಕೂಗಿಬಿಟ್ಟೆ. ಅಮ್ಮ, ನಿಲ್ಲಿ ಅಂತ. ಎಲ್ಲರೂ ಈ ಕಿಟಕಿಯನ್ನೇ ನೋಡುತ್ತಿದ್ದಾರೆ. ಅಪ್ಪನ ಕೈ ಚಿಲಕದ ಮೇಲಿದೆ. ಹಾಕುತ್ತಾನೋ, ತೆಗೆಯುತ್ತಾನೋ...